ಮೊದಲ ನಾಟಕ, ಮೊದಲ ಕಿರುಚಿತ್ರ: ಸ್ಕ್ರಿಪ್ಟ್ ಬರೆದು ಆಡುವವರ ಕೈಗೆ ಕೊಡುವವರೆಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಬರೆಯುವವರಿಗೂ ಕೊರತೆಯಿಲ್ಲ, ಆಡುವವರಿಗೂ ಕೊರತೆಯಿಲ್ಲ. ಜಾತ್ರೆ ಹತ್ತಿರ ಬಂತೆಂದರೆ ಊರ ಹುಡುಗರು ತಾಲೀಮಿಗೆ ಕೂಡುತ್ತಾರೆ; ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುವ ಗುಂಪುಗಳು ಕಾಲೇಜುಗಳಲ್ಲಿವೆ. ಆದರೂ ಜಾತ್ರೆಯಲ್ಲಿ ಆಡುವುದು ಹೆಚ್ಚಾಗಿ ಹಳೆಯ, ಅಚ್ಚಾದ ನಾಟಕಗಳನ್ನೇ. ಹೊಸಬರ ಹಸ್ತಪ್ರತಿಯನ್ನು ನಾಟಕ ಕಲಿಸುವ ಮಾಸ್ತರರು ನಾಲ್ಕು ಹಾಳೆ ತಿರುವಿ ಪಕ್ಕಕ್ಕಿಡುತ್ತಾರೆ. ಬಹಳ ಸಲ ಅದರ ಕತೆ ಚೆನ್ನಾಗಿಯೇ ಇರುತ್ತದೆ, ಭಾಷೆಯೂ ಇರುತ್ತದೆ. ಆದರೆ ಯಾರು ಆಡುತ್ತಾರೆ, ಎಲ್ಲಿ ಆಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ ಎಂಬುದನ್ನು ಬರೆದವರು ಕೇಳಿಕೊಂಡಿರುವುದಿಲ್ಲ. ಹಾಗಾಗಿ ಕೆಲಸವನ್ನು ಅಲ್ಲಿಂದಲೇ ಶುರುಮಾಡೋಣ.

ಬರೆಯುವ ಮುನ್ನ ಎಣಿಸಿ, ಅಳೆಯಿರಿ

ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ನಿಜವಾಗಿ ತಾಲೀಮಿಗೆ ಬರುವವರು ಎಷ್ಟು ಜನ, ರಂಗದ ಅಗಲ ಮತ್ತು ಆಳ ಎಷ್ಟು ಅಡಿ, ಮೈಕು ಮತ್ತು ದೀಪ ಎಷ್ಟು, ಸಿಗುವ ಸಮಯ ಎಷ್ಟು. ಬಳ್ಳಾರಿಯ ರಾಘವ ಕಲಾಮಂದಿರದಲ್ಲೋ, ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲೋ, ಕೊಪ್ಪಳದ ಸಾಹಿತ್ಯ ಭವನದಲ್ಲೋ ಆಡುವ ಯೋಚನೆಯಿದ್ದರೆ ಒಮ್ಮೆ ಖುದ್ದಾಗಿ ಹೋಗಿ ಟೇಪು ಹಿಡಿದು ಅಳೆದು ಬನ್ನಿ. ಎರಡೂ ಬದಿಯ ಪ್ರವೇಶ ನೋಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಹಿಂದಿನಿಂದ ದಾಟುವ ದಾರಿ ಇಲ್ಲದಿದ್ದರೆ, ಎಡಕ್ಕೆ ಹೋದ ಪಾತ್ರ ಮುಂದಿನ ದೃಶ್ಯಕ್ಕೆ ಬಲದಿಂದ ಬರಲಾರದು. ಇದು ತಾಲೀಮಿನ ಕೊನೆಯ ದಿನ ಗೊತ್ತಾದರೆ ದೃಶ್ಯವನ್ನೇ ತಿದ್ದಬೇಕಾಗುತ್ತದೆ.

ಊರ ಕಟ್ಟೆಯ ಮೇಲೆ ಆಡುವುದಾದರೆ ಮೈಕಿನ ಲೆಕ್ಕ ಮುಖ್ಯ. ಸಾಮಾನ್ಯವಾಗಿ ರಂಗದ ಮುಂದಿನ ಅಂಚಿನಲ್ಲಿ ಮೂರು-ನಾಲ್ಕು ಮೈಕು ತೂಗುಬಿಟ್ಟಿರುತ್ತಾರೆ. ಹಿಂದಿನ ಪರದೆಯ ಹತ್ತಿರ ಆಡಿದ ಮಾತು ಹತ್ತನೇ ಸಾಲಿಗೂ ತಲುಪುವುದಿಲ್ಲ. ಪಕ್ಕದಲ್ಲಿ ಜನರೇಟರ್ ಬೇರೆ ಗುಡುಗುತ್ತಿರುತ್ತದೆ. ಕತೆ ತಿರುಗುವ ಮಾತನ್ನು ಹಾಸಿಗೆ ಹಿಡಿದವನ ಪಿಸುಮಾತಿಗೆ ಕಟ್ಟಿಹಾಕಿದರೆ ಕತೆ ಅಲ್ಲೇ ಕಳೆದುಹೋಯಿತು. ಅಂಥ ಪಾತ್ರವನ್ನು ಕುರ್ಚಿಯಲ್ಲಿ ಕೂರಿಸಿ ಮುಂದಕ್ಕೆ ತನ್ನಿ, ಇಲ್ಲವೇ ಅವನು ಅಂದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ತಿರುಗಿ ಕೇಳುವಂತೆ ಬರೆಯಿರಿ.

ಹೆಣ್ಣು ಪಾತ್ರಗಳ ಲೆಕ್ಕ ಇನ್ನೂ ಸೂಕ್ಷ್ಮ. ಹಳ್ಳಿಯ ನಾಟಕಗಳಿಗೆ ವೃತ್ತಿ ಕಲಾವಿದೆಯರನ್ನು ಹೊರಗಿನಿಂದ ಕರೆಸುವುದು ವಾಡಿಕೆ. ಅವರು ಸಂಭಾವನೆ ಮಾತಾಡಿಕೊಂಡು ಕೊನೆಯ ಒಂದೆರಡು ತಾಲೀಮಿಗೆ, ಕೆಲವೊಮ್ಮೆ ನೇರವಾಗಿ ಆಟದ ದಿನವೇ ಬರುತ್ತಾರೆ. ಹಳೆಯ ನಾಟಕಗಳು ಅವರಿಗೆ ಬಾಯಿಪಾಠವಾಗಿರುವುದರಿಂದ ಅದು ನಡೆಯುತ್ತದೆ; ನಿಮ್ಮ ಹೊಸ ನಾಟಕ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ನಾಟಕದಲ್ಲಿ ಹೆಣ್ಣು ಪಾತ್ರ ಎರಡು ಅಥವಾ ಮೂರು ಸಾಕು. ಅವರ ಪಾರ್ಟನ್ನು ಬೇರೆಯಾಗಿ ಬರೆದು ಕನಿಷ್ಠ ಇಪ್ಪತ್ತು ದಿನ ಮೊದಲು ತಲುಪಿಸಿ. ಪ್ರತಿ ಮಾತಿನ ಮೇಲೆ ಎದುರು ಪಾತ್ರದ ಕೊನೆಯ ನಾಲ್ಕು ಪದಗಳಿರಲಿ, ಯಾವ ಬದಿಯಿಂದ ಬರಬೇಕೆಂಬುದೂ ಇರಲಿ. ಅವರಿರುವ ದೃಶ್ಯಗಳಲ್ಲಿ ಒಮ್ಮೆಗೆ ಇಬ್ಬರು-ಮೂವರಿಗಿಂತ ಹೆಚ್ಚು ಜನ ಮಾತಾಡದಂತೆ ಕಟ್ಟಿದರೆ ಕಡಿಮೆ ತಾಲೀಮಿನಲ್ಲೂ ದೃಶ್ಯ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯದು, ಊರಿನ ಹೆಣ್ಣುಮಕ್ಕಳೇ ಆಡುವಂತೆ ಮಾಡುವುದು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಆಡಬೇಕು ಎಂದು ನೂರು ವರ್ಷದ ಹಿಂದೆಯೇ ಹಟ ಹಿಡಿದವರು ನಟ ಬಳ್ಳಾರಿ ರಾಘವ (1880–1946). ಅವರ ಊರಿನ ಸುತ್ತ ಇನ್ನೂ ಈ ಮಾತು ಆಡಬೇಕಾಗಿ ಬಂದಿರುವುದು ಸೋಜಿಗ.

ಇನ್ನು ಸಮಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ; ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆಂದು ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಸಬಹುದು. ಮುಚ್ಚಿದ ಸಭಾಂಗಣಕ್ಕೆ ಈ ತಡೆ ಇಲ್ಲ. ಬೆಳಗಿನ ಜಾವದವರೆಗೆ ಆಡುವ ರೂಢಿ ಎಷ್ಟೇ ಹಳೆಯದಿರಲಿ, ಯಾರಾದರೂ ದೂರು ಕೊಟ್ಟರೆ ನಿಮ್ಮ ಕೊನೆಯ ಅಂಕ ಮೈಕಿಲ್ಲದೆ ನಡೆಯಬೇಕಾಗುತ್ತದೆ. ಮೊದಲ ನಾಟಕವನ್ನು 60ರಿಂದ 75 ನಿಮಿಷಕ್ಕೆ ಬರೆಯಿರಿ. ಊರಿನವರು ಇನ್ನೂ ಬೇಕೆಂದರೆ ಹಾಸ್ಯದ ಒಂದೆರಡು ದೃಶ್ಯ ಸೇರಿಸಿಕೊಳ್ಳಬಹುದು. ಅವನ್ನು ತೆಗೆದರೂ ಕತೆ ಕೆಡದಂತಿರಬೇಕು.

ಸುದ್ದಿಯಿಂದ ನಾಟಕಕ್ಕೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನು ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೊಳೆಗೆ ಹರಿಯಿತು. ಈ ಸೀಮೆಯ ಯಾವ ಬರಹಗಾರನಿಗೂ ಇದರ ಮೇಲೆ ಬರೆಯಬೇಕೆನ್ನಿಸುತ್ತದೆ. ಆದರೆ ಗೇಟು ಹೋದದ್ದು ಸುದ್ದಿ. ಅದರ ಬಗ್ಗೆ ನಾಲ್ಕು ಜನ ಕಟ್ಟೆಯ ಮೇಲೆ ಕೂತು ಸರ್ಕಾರವನ್ನು ಬೈದರೆ ಅದು ಹೋಟೆಲ್ ಹರಟೆ. ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಗೆ 200 ಕಿಲೋಮೀಟರಿಗೂ ಉದ್ದ ಹೋಗುತ್ತದೆ. ಆ ತುದಿಯಲ್ಲಿ ನಾಲ್ಕೆಕರೆ ಇರುವ ಒಂದು ಮನೆ ತೆಗೆದುಕೊಳ್ಳಿ. ಸಸಿಮಡಿ ತಯಾರಿದೆ. ನೀರು ಕೊನೆಯವರೆಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಾಟಿ ಮಾಡಬೇಕೋ ಬಿಡಬೇಕೋ, ಬೆಳಗಾಗುವುದರೊಳಗೆ ಹೇಳಬೇಕು. ಇಲ್ಲಿಗೆ ನಾಟಕ ಹುಟ್ಟಿತು.

ನಿಮ್ಮ ಕತೆಯನ್ನು ಇದೇ ಬಗೆಯಲ್ಲಿ ಎರಡು ಸಾಲಿಗೆ ಇಳಿಸಿ: ಯಾರಿಗೆ ಏನು ಬೇಕು, ಯಾರು ಅಡ್ಡ ಬರುತ್ತಾರೆ, ಯಾವ ಗಡುವಿನೊಳಗೆ. ಗಡುವು ಇಲ್ಲದಿದ್ದರೆ ಮಾತು ಬೆಳೆಯುತ್ತದೆ, ಕತೆ ಬೆಳೆಯುವುದಿಲ್ಲ. ಅಡ್ಡ ಬರುವವರು ದುಷ್ಟರೇ ಆಗಬೇಕೆಂದಿಲ್ಲ. ಮಗ ಬೇಡವೆಂದರೆ ತಾಯಿ ಬೇಕೆನ್ನಬಹುದು, ಇಬ್ಬರ ಮಾತೂ ನ್ಯಾಯವೇ. ಹೀಗಿದ್ದಾಗ ನೋಡುವವರು ಎರಡು ಪಾಳಯವಾಗುತ್ತಾರೆ, ಮತ್ತು ಅದು ಬರಹಗಾರನಿಗೆ ಸಿಗಬಹುದಾದ ದೊಡ್ಡ ಲಾಭ. ಗುಳೆ, ಜೀನ್ಸ್ ಹೊಲಿಗೆಯ ಪೀಸ್ ಕೂಲಿ, ಹಟ್ಟಿ ಚಿನ್ನದ ಗಣಿಯ ಪಾಳಿ ಕೆಲಸ — ಯಾವ ವಸ್ತುವಿಗೂ ಇದೇ ಪರೀಕ್ಷೆ ಮಾಡಿ ನೋಡಬಹುದು.

ಆಮೇಲೆ ದೃಶ್ಯಪಟ್ಟಿ. ಒಂದು ಗಂಟೆಯ ನಾಟಕಕ್ಕೆ ಎಂಟರಿಂದ ಹತ್ತು ದೃಶ್ಯ. ಒಂದೊಂದಕ್ಕೂ ಒಂದು ಚೀಟಿ: ಎಲ್ಲಿ, ಯಾವ ಹೊತ್ತು, ಯಾರು ಬರುತ್ತಾರೆ, ದೃಶ್ಯ ಮುಗಿಯುವಾಗ ಏನು ಬದಲಾಗಿರುತ್ತದೆ. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲಾಗದ ಚೀಟಿಯನ್ನು ಹರಿದುಹಾಕಿ. ಒಬ್ಬನೇ ಎರಡು ಪಾತ್ರ ಮಾಡುವುದಾದರೆ ನಡುವೆ ಐದು ನಿಮಿಷದ ದೃಶ್ಯವಾದರೂ ಇರಬೇಕು. ಪಂಚೆ ಕಳಚಿ ಪೊಲೀಸ್ ಪ್ಯಾಂಟು ಹಾಕಿಕೊಳ್ಳಲು, ಮೀಸೆ ಅಂಟಿಸಲು ಅಷ್ಟು ಹೊತ್ತು ಹಿಡಿಯುತ್ತದೆ. ಮನೆ, ಹೊಲ, ಠಾಣೆ, ಆಸ್ಪತ್ರೆ ಎಂದು ಸ್ಥಳ ಬದಲಿಸುತ್ತಾ ಹೋದರೆ ಪ್ರತಿ ಸಲ ಪರದೆ ಇಳಿಯಬೇಕು, ಅಷ್ಟು ಹೊತ್ತು ಜನ ಎದ್ದು ಒಗ್ಗಾಣಿ-ಮಿರ್ಚಿ ಅಂಗಡಿಗೆ ಹೋಗುತ್ತಾರೆ. ಎರಡು ಸ್ಥಳ ಸಾಕು.

ಮಾತು

ಹೊಸಬರ ಸ್ಕ್ರಿಪ್ಟ್ ಹೆಚ್ಚಾಗಿ ಕೆಡುವುದು ಇಲ್ಲಿ. ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು, ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಒಬ್ಬರು ಇನ್ನೊಬ್ಬರಿಗೆ ವರದಿ ಒಪ್ಪಿಸುವುದು:

“ತಾಯೀ, ನಿನಗೆ ಗೊತ್ತಿರುವಂತೆ ಅಪ್ಪ ತೀರಿಕೊಂಡ ಮೇಲೆ ಈ ನಾಲ್ಕು ಎಕರೆ ಗದ್ದೆಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಈಗ ಜಲಾಶಯದ ಗೇಟು ಮುರಿದಿರುವುದರಿಂದ ನಾಟಿ ಮಾಡಿದರೆ ನಷ್ಟವಾಗಬಹುದು.”

ಇದನ್ನೇ ಹೀಗೆ ಬರೆದು ನೋಡಿ:

ಹನುಮಂತ: ಸಸಿ ಕಿತ್ತಾರೇನು?
ಈರಮ್ಮ: ಆಳು ಬಂದು ಬದುವಿನ ಮ್ಯಾಲ ಕುಂತಾರ. ನೀ ಹೂಂ ಅಂದ್ರ ಇಳೀತಾರ.
ಹನುಮಂತ: ಯವ್ವಾ, ಡ್ಯಾಮಿನ ಗೇಟ್ ಹೋತಂತ.
ಈರಮ್ಮ: ಹೋಗ್ಲಿ. ಅವ್ರು ಕೂಲಿ ಇವತ್ತಿಂದ ಎಣಿಸ್ತಾರ.

ಅಪ್ಪ ಇಲ್ಲ ಎಂಬುದು ಇನ್ನೂ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಮಗನ ಹೂಂಗೆ ಆಳು ಕಾಯುತ್ತಿದ್ದಾರೆ ಎಂದ ಮೇಲೆ ಮನೆಯ ಯಜಮಾನಿಕೆ ಯಾರದೆಂದು ನೋಡುವವರು ತಾವೇ ಲೆಕ್ಕ ಹಾಕುತ್ತಾರೆ. ತಾಯಿಗೆ ಗೇಟಿಗಿಂತ ಕೂಲಿ ದೊಡ್ಡದಾಗಿ ಕಂಡಿದ್ದರಲ್ಲಿ ಅವಳ ಸ್ವಭಾವವೂ ಬಂತು.

ಎರಡನೆಯ ತಪ್ಪು ಕಂಪನಿ ನಾಟಕದ ಗುಂಗು. ಪ್ರಾಸ, ಗಾದೆ, ಎರಡರ್ಥದ ಮಾತು, ಪ್ರತಿ ಪಾತ್ರದ ಬಾಯಲ್ಲೂ ಒಂದೇ ಓಟ. ಕಂಪನಿಯವರಿಗೆ ಅದು ಒಪ್ಪುತ್ತದೆ; ಚಪ್ಪಾಳೆ ಎಲ್ಲಿ ಬೀಳುತ್ತದೆಂದು ಬಲ್ಲ ನಟರ ಕೈಯಲ್ಲಿ ಆ ಮಾತುಗಳು ನೂರಾರು ಆಟ ಕಂಡು ಮಸೆದಂತಾಗಿರುತ್ತವೆ. ನಿಮ್ಮ ನಾಟಕದಲ್ಲಿ ಪ್ರಾಸ ಹಾಕುವ ಪಾತ್ರ ಒಂದೇ ಇರಲಿ, ಉಳಿದವರು ಅವನಿಂದ ರೇಗಲಿ.

ಮೂರನೆಯದು ಭಾಷೆಯ ಕಲಬೆರಕೆ. ‘ಬರಾಕತ್ತಾನ’ ಅನ್ನುವ ಊರಿದೆ, ‘ಬರಕತ್ಯಾನ’ ಅನ್ನುವ ಊರಿದೆ. ಬಳ್ಳಾರಿ ಕಡೆ ಮನೆಮಾತಿನಲ್ಲಿ ತೆಲುಗು ಸೇರಿಕೊಳ್ಳುತ್ತದೆ, ರಾಯಚೂರು ಪೇಟೆಯಲ್ಲಿ ಉರ್ದುವೂ. ಒಂದೇ ಮನೆಯ ಅಣ್ಣ ಧಾರವಾಡದ ಹಾಗೆ, ತಮ್ಮ ಮೈಸೂರಿನ ಹಾಗೆ ಮಾತಾಡಿದರೆ ಜನ ಮೊದಲ ಐದು ನಿಮಿಷದಲ್ಲೇ ಕೈಬಿಡುತ್ತಾರೆ. ಒಂದು ಊರು ಹಿಡಿಯಿರಿ, ಆ ಊರಿನ ಒಬ್ಬ ಹಿರಿಯರ ಮಾತನ್ನು ಅವರ ಒಪ್ಪಿಗೆ ಕೇಳಿ ಅರ್ಧ ಗಂಟೆ ರೆಕಾರ್ಡ್ ಮಾಡಿ, ಹತ್ತು ನಿಮಿಷದಷ್ಟನ್ನು ಇದ್ದ ಹಾಗೇ ಬರೆದಿಳಿಸಿ. ಕ್ರಿಯಾಪದದ ರೂಪಗಳು, ಕರೆಯುವ ರೀತಿ, ಮಾತು ಎಲ್ಲಿ ಅರ್ಧಕ್ಕೆ ನಿಲ್ಲುತ್ತದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಅದರಿಂದ ಒಂದು ಪುಟದ ಪಟ್ಟಿ ಮಾಡಿಕೊಂಡು ಕೊನೆಯವರೆಗೂ ಅದೇ ಕಾಗುಣಿತ ಇಟ್ಟುಕೊಳ್ಳಿ. ಉಸಿರಿನ ಪ್ರತಿ ಏರಿಳಿತವನ್ನೂ ಅಕ್ಷರದಲ್ಲಿ ಹಿಡಿಯಲು ಹೋಗಬೇಡಿ, ಓದುವ ನಟ ತಡವರಿಸುತ್ತಾನೆ. ರಂಗಸೂಚನೆ ಮಾತ್ರ ಶಿಷ್ಟ ಕನ್ನಡದಲ್ಲಿರಲಿ, ಚಿಕ್ಕದಾಗಿರಲಿ. ಆವರಣದಲ್ಲಿ ‘ಕೋಪದಿಂದ’, ‘ದುಃಖದಿಂದ’ ಎಂದು ಸಾಲುಸಾಲಿಗೂ ಬರೆಯಬೇಕಾಗಿ ಬಂದರೆ ಮಾತಿನಲ್ಲೇ ಕೋಪ, ದುಃಖ ಇಲ್ಲವೆಂದರ್ಥ.

ಹಾಡು ಬೇಕೇ? ಈ ಭಾಗದ ಜನ ಹಾಡು ನಿರೀಕ್ಷಿಸುತ್ತಾರೆ. ಒಂದು ಗಂಟೆಗೆ ಮೂರು ಸಾಕು, ಒಂದೊಂದು ಎರಡು-ಮೂರು ನಿಮಿಷ. ಹಾರ್ಮೋನಿಯಂ ಮಾಸ್ತರರ ಜೊತೆ ಕೂತು ಮೊದಲು ಮಟ್ಟು (ಹಾಡಿನ ಧಾಟಿ) ಗೊತ್ತುಮಾಡಿಕೊಂಡು ಆಮೇಲೆ ಸಾಲು ಬರೆಯಿರಿ. ಬರೆದ ಕವಿತೆಗೆ ಮಟ್ಟು ಹೊಂದಿಸಲು ಹೋದರೆ ಅಕ್ಷರ ಎಳೆದು ಅರ್ಥ ಕೆಡುತ್ತದೆ. ದೊಡ್ಡಾಟದ ಹಿಮ್ಮೇಳವನ್ನೋ ತೊಗಲುಗೊಂಬೆಯನ್ನೋ ತರುವ ಆಸೆ ಹೊಸಬರಿಗೆ ಬಹಳ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಆಸೆ ಇನ್ನಷ್ಟು ಹೆಚ್ಚಿರಬಹುದು. ತನ್ನಿ, ಆದರೆ ಆ ಕಲೆಯ ಮೇಳದವರನ್ನು ಕೇಳಿಯೇ ಬರೆಯಿರಿ. ಗೊಂಬೆಗೆ ಪರದೆ ಬೇಕು, ಹಿಂದಿನಿಂದ ಬೆಳಕು ಬೇಕು, ರಂಗ ಕತ್ತಲಾಗಬೇಕು. ‘ಹಿನ್ನೆಲೆಯಲ್ಲಿ ತೊಗಲುಗೊಂಬೆ ಆಡುತ್ತಿದೆ’ ಎಂದು ಒಂದು ಸಾಲು ಬರೆದಿಟ್ಟರೆ ಆಗುವ ಕೆಲಸವಲ್ಲ.

ವಾಚನ

ಮೊದಲ ಕರಡು ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಓದಿಸಿ. ನೀವೇ ಓದಬಾರದು, ಬರೆದವರು ಓದಿದರೆ ಇಲ್ಲದ ಜೀವವನ್ನು ದನಿಯಲ್ಲಿ ತುಂಬಿಬಿಡುತ್ತಾರೆ. ಪಾತ್ರಕ್ಕೊಬ್ಬರಂತೆ ಐದಾರು ಜನ, ರಂಗಸೂಚನೆ ಓದಲು ಒಬ್ಬರು, ಕೇಳಲು ನಾಟಕಕ್ಕೆ ಸಂಬಂಧವಿಲ್ಲದ ಏಳೆಂಟು ಜನ. ಶಾಲೆಯ ಕೋಣೆ, ಗ್ರಂಥಾಲಯ, ಯಾರದೋ ಪಡಸಾಲೆ, ಯಾವುದಾದರೂ ಆದೀತು. ಭತ್ತದ ಕಟಾವು, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕರೆದರೆ ಯಾರೂ ಬರುವುದಿಲ್ಲ.

ನೀವು ಹಿಂದೆ ಕೂತು ಗಡಿಯಾರ ಹಿಡಿದುಕೊಳ್ಳಿ. ಪ್ರತಿ ದೃಶ್ಯದ ನಿಮಿಷ ಬರೆದುಕೊಳ್ಳಿ. ಓದುವವರು ಎಡವಿದ ಸಾಲಿಗೆ ಒಂದು ಗೆರೆ. ಒಂದೇ ಸಾಲಿನಲ್ಲಿ ಇಬ್ಬರು ಎಡವಿದರೆ ಸಾಲು ತಪ್ಪಾಗಿದೆ, ಓದುವವರಲ್ಲ. ಕೇಳುವವರು ಮೊಬೈಲು ತೆಗೆದ ಜಾಗಕ್ಕೆ ಇನ್ನೊಂದು ಗುರುತು, ನಕ್ಕ ಜಾಗಕ್ಕೆ ಮತ್ತೊಂದು. ನಡುವೆ ಏನನ್ನೂ ವಿವರಿಸಬೇಡಿ, ಎಷ್ಟೇ ತುಟಿ ಕಚ್ಚಿಕೊಳ್ಳಬೇಕಾಗಿ ಬಂದರೂ. ರಂಗದಲ್ಲಿ ಓಡಾಟ, ಹಾಡು, ಜನರ ನಗು ಸೇರಿ ವಾಚನದ ಸಮಯಕ್ಕಿಂತ ಐದರಲ್ಲಿ ಒಂದು ಪಾಲು ಹೆಚ್ಚೇ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 60 ನಿಮಿಷದ ಆಟಕ್ಕೆ ವಾಚನ 50 ನಿಮಿಷದೊಳಗೆ ಮುಗಿಯಬೇಕು.

ಮುಗಿದ ಮೇಲೆ ‘ಹೆಂಗಿತ್ರೀ?’ ಎಂದು ಕೇಳಿದರೆ ‘ಚಲೋ ಐತಿ’ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಕತೆಯನ್ನು ಮೂರು ಮಾತಿನಲ್ಲಿ ಹೇಳಿ ಎಂದು ಕೇಳಿ. ಯಾರ ಪರ ಇದ್ದಿರಿ? ಎಲ್ಲಿ ಮುಂದಿನದು ಮೊದಲೇ ಗೊತ್ತಾಯಿತು? ಯಾವ ಪಾತ್ರದ ಹೆಸರು ನೆನಪಿಲ್ಲ? ನಾಲ್ಕನೆಯದಕ್ಕೆ ಎಲ್ಲರೂ ಒಂದೇ ಹೆಸರು ತಪ್ಪಿಸಿದರೆ ಆ ಪಾತ್ರವನ್ನು ಇನ್ನೊಂದರೊಳಗೆ ಸೇರಿಸಿಬಿಡಿ, ಒಬ್ಬ ನಟನೂ ಉಳಿದ. ಪರಿಹಾರ ಹೇಳುವವರು ಬಹಳ ಸಿಗುತ್ತಾರೆ. ಅವರ ಪರಿಹಾರಕ್ಕಿಂತ ಅವರಿಗೆ ಬೇಸರವಾದ ಜಾಗ ಮುಖ್ಯ. ಎರಡನೇ ಕರಡಿನಲ್ಲಿ ಹತ್ತು ಪುಟಕ್ಕೆ ಒಂದು ಪುಟವಾದರೂ ಹೋಗಲೇಬೇಕು. ಸಾಮಾನ್ಯವಾಗಿ ಹೋಗಬೇಕಾದ್ದು ಮೊದಲ ದೃಶ್ಯದ ಮೊದಲ ಎರಡು ಪುಟ.

ಹಿಂದಿನ ತೆಲುಗು ನಾಟಕಕಾರರಾದ ಧರ್ಮವರಂ ಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ತಮ್ಮದೇ ನಾಟಕ ತಂಡವಾದ ಸರಸ ವಿನೋದಿನಿ ಸಭೆಗೆ, ಕೋಲಾಚಲಂ ಶ್ರೀನಿವಾಸರಾಯರು ತಮ್ಮ ಸುಮನೋರಮಾ ಸಭೆಗೆ ನಾಟಕ ಬರೆದದ್ದನ್ನು ಇಲ್ಲಿ ನೆನೆಯಬಹುದು. ಬರೆಯುವ ಮೇಜಿಗೂ ಆಡುವ ಮಂದಿಗೂ ನಡುವೆ ಅಂತರವೇ ಇರಲಿಲ್ಲ. ನಿಮಗೆ ಸಭೆ ಇಲ್ಲದಿದ್ದರೆ ಈ ಓದುವ ಗುಂಪೇ ಸಭೆ.

ಕಿರುಚಿತ್ರಕ್ಕೆ ಬದಲಾಗುವುದು

ನಾಟಕ ಬರೆದ ಕೈ ಕಿರುಚಿತ್ರದಲ್ಲೂ ಮಾತನ್ನೇ ತುಂಬುತ್ತದೆ. ಅಲ್ಲಿ ಕಾಣುವುದು, ಕೇಳುವುದು ಎರಡನ್ನೇ ಬರೆಯಬೇಕು. ‘ಅವನಿಗೆ ಅಪ್ಪನ ನೆನಪಾಗಿ ಬೇಸರವಾಯಿತು’ ಎಂಬುದನ್ನು ಕ್ಯಾಮೆರಾ ಹಿಡಿಯಲಾರದು. ‘ಗೂಟಕ್ಕೆ ನೇತುಹಾಕಿದ ರುಮಾಲಿನ ಧೂಳು ಕೊಡವುತ್ತಾನೆ, ಮತ್ತೆ ಅಲ್ಲೇ ಹಾಕುತ್ತಾನೆ’ ಎಂದರೆ ಹಿಡಿಯಬಹುದು. ಪ್ರತಿ ದೃಶ್ಯದ ತಲೆಯಲ್ಲಿ ಒಂದು ಸಾಲು: ‘ದೃಶ್ಯ 4 – ಹೊರಾಂಗಣ – ನಾಲೆಯ ದಂಡೆ – ಬೆಳಗಿನ ಜಾವ’. ಕೆಳಗೆ ಮೂರು-ನಾಲ್ಕು ಸಾಲಿನ ಕ್ರಿಯೆ, ನಡುವೆ ಪಾತ್ರದ ಹೆಸರು, ಅದರ ಕೆಳಗೆ ಮಾತು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನ ಕೊರಿಯರ್ ಅಕ್ಷರದ 12ರ ಗಾತ್ರದ ಮೇಲೆ ನಿಂತದ್ದು. ಕನ್ನಡ ಅಕ್ಷರಕ್ಕೆ ಅದು ಹೊಂದುವುದಿಲ್ಲ. ಕಣ್ಣುಮುಚ್ಚಿ ದೃಶ್ಯವನ್ನು ಮನಸ್ಸಿನಲ್ಲಿ ನಡೆಸಿ, ಗಡಿಯಾರದಲ್ಲಿ ಅಳೆಯಿರಿ.

ಹತ್ತು ನಿಮಿಷದೊಳಗೆ ಮುಗಿಸಿ. ಆಸ್ಕರ್ ನಿಯಮದಲ್ಲಿ ಹೆಸರುಪಟ್ಟಿ ಸೇರಿ 40 ನಿಮಿಷದವರೆಗಿನದೂ ಕಿರುಚಿತ್ರವೇ. ಆದರೆ ನಾಲ್ಕೈದು ಜನರ ತಂಡ ದಿನಕ್ಕೆ ಮೂರು ನಿಮಿಷದಷ್ಟು ತೆಗೆದರೆ ಹೆಚ್ಚು. ಹತ್ತು ನಿಮಿಷಕ್ಕೇ ಮೂರು-ನಾಲ್ಕು ದಿನದ ಊಟ, ಪೆಟ್ರೋಲ್, ರಜೆ ಬೇಕು.

ಬಿಸಿಲನ್ನು ಸ್ಕ್ರಿಪ್ಟಿನಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ನಡುಹಗಲು ಫೋನು ಕಾದು ರೆಕಾರ್ಡಿಂಗ್ ನಿಂತುಬಿಡುತ್ತದೆ, ಮುಖದ ಮೇಲೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಹೊರಾಂಗಣ ದೃಶ್ಯಗಳನ್ನು ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 6ರ ಹೊತ್ತಿಗೆ ಬರೆಯಿರಿ. ರಾತ್ರಿ ಹೊಲದ ದೃಶ್ಯಕ್ಕೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ಕತೆಯಲ್ಲೇ ಇರಬೇಕು: ಟ್ರ್ಯಾಕ್ಟರ್ ಹೆಡ್‌ಲೈಟ್, ಬ್ಯಾಟರಿ, ಪಂಪ್‌ಸೆಟ್ ಮನೆಯ ಬಲ್ಬು. ಅಕ್ಕಿ ಗಿರಣಿ, ಹೆದ್ದಾರಿ ಹತ್ತಿರ ಮಾತಿನ ದೃಶ್ಯ ಇಡಬೇಡಿ. ಇಡಲೇಬೇಕೆಂದರೆ ಪಾತ್ರಗಳು ಸದ್ದಿನ ಮೇಲೆ ಕೂಗಿ ಮಾತಾಡುವುದನ್ನೇ ದೃಶ್ಯವಾಗಿಸಿ.

ಬಳ್ಳಾರಿ ಕೋಟೆಯಂಥ ಪುರಾತತ್ವ ಇಲಾಖೆಯ ಸ್ಮಾರಕ, ರೈಲು ನಿಲ್ದಾಣ, ಜಲಾಶಯದ ಕಟ್ಟೆ, ಇಲ್ಲೆಲ್ಲ ಲಿಖಿತ ಅನುಮತಿಯಿಲ್ಲದೆ ಕ್ಯಾಮೆರಾ ನಿಲ್ಲಿಸಿದರೆ ಎಬ್ಬಿಸುತ್ತಾರೆ. ಡ್ರೋನ್ ಮಾತೇ ಬೇಡ. ಅಣೆಕಟ್ಟಿನ ಮೇಲಿನ ದೃಶ್ಯ ಬರೆಯುವ ಬದಲು ಊರಿನ ಕಾಲುವೆಯ ತೂಬಿನ ಹತ್ತಿರ ಬರೆಯಿರಿ. ಸಿನಿಮಾ ಹಾಡನ್ನು ಹಿನ್ನೆಲೆಯಲ್ಲಿ ಹಾಕಬೇಡಿ, ಚಹಾದಂಗಡಿಯ ರೇಡಿಯೋದಲ್ಲಿ ಕೇಳಿಸಿದರೂ ಯೂಟ್ಯೂಬ್ ಅದನ್ನು ಗುರುತಿಸಿ ನಿಮ್ಮ ಚಿತ್ರದ ಜಾಹೀರಾತಿನ ಹಣವನ್ನು ಹಾಡಿನ ಹಕ್ಕಿನವರ ಹೆಸರಿಗೆ ಬರೆಯಬಹುದು.

ಪ್ರತಿ, ಹಕ್ಕು

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿದ ಕಡತ ನಟನ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಬೆರಳಚ್ಚಿಸಿ, ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಪುಟ ಸಂಖ್ಯೆ, ಕರಡಿನ ದಿನಾಂಕ ಪ್ರತಿ ಪುಟದಲ್ಲೂ ಇರಲಿ. ಇಲ್ಲದಿದ್ದರೆ ತಾಲೀಮಿನಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕರಡು ಇರುತ್ತದೆ.

ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲ, ಜಗಳ ಬಂದಾಗ ಸಾಕ್ಷಿಯಾಗುತ್ತದೆ. ಮಾಡಿಸುವುದಾದರೆ ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ನಮೂನೆ 14 ತುಂಬಬೇಕು, ಸಾಹಿತ್ಯ ಅಥವಾ ನಾಟಕ ಕೃತಿಗೆ ಶುಲ್ಕ 500 ರೂಪಾಯಿ. ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ಬೇರೆಯವರ ಕತೆ ಆಧರಿಸಿ ಬರೆಯುತ್ತಿದ್ದರೆ ಮೊದಲ ಪುಟ ಬರೆಯುವ ಮುನ್ನವೇ ಅವರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಲೇಖಕರು ತೀರಿಕೊಂಡು 60 ವರ್ಷ ಆಗಿಲ್ಲದಿದ್ದರೆ ವಾರಸುದಾರರನ್ನು ಕೇಳಬೇಕು.

ತಂಡದವರು ‘ನಮಗೇ ಕೊಡ್ರಿ, ನಾವು ಮಾಡ್ತೀವಿ’ ಅಂದಾಗ ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಹಾಳೆಯಲ್ಲಿ ಯಾವ ಕೃತಿ, ರಂಗಕ್ಕೋ ಚಿತ್ರಕ್ಕೋ, ಎಷ್ಟು ಆಟಕ್ಕೆ, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ, ಪೋಸ್ಟರಿನಲ್ಲಿ ಹೆಸರು ಹೇಗೆ ಬರಬೇಕು ಎಂದು ಬರೆದು ಇಬ್ಬರೂ ಸಹಿ ಹಾಕಿ. ‘ಆಡಲು ಅನುಮತಿ’ ಎಂದಷ್ಟೇ ಬರೆಯಿರಿ. ‘ಎಲ್ಲ ಹಕ್ಕು ವರ್ಗಾವಣೆ’ ಎಂಬ ಸಾಲು ಇದ್ದರೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ. ಸಹಿಯಿಲ್ಲದ ವರ್ಗಾವಣೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಕ್ಕು ವರ್ಗಾಯಿಸಿ ಅವಧಿ ಬರೆಯದೆ ಬಿಟ್ಟರೆ ಕಾಯ್ದೆಯ 19ನೇ ಕಲಮಿನಂತೆ ಅದು ಐದು ವರ್ಷ ಎಂದೇ ಲೆಕ್ಕ. ತೆಗೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಅವರ ಹಕ್ಕು ತಾನಾಗಿಯೇ ಬಿದ್ದುಹೋಗುತ್ತದೆ. ಸ್ಕ್ರಿಪ್ಟನ್ನು ಇನ್ನೊಂದು ತಂಡಕ್ಕೆ ಕೊಡಬಹುದು.